ಟೊಂಕ ಬ್ಯಾನಿ: ಮಲಗಿದರೆ ಹೋಗದು, ನಡೆದರೆ ಹೋದೀತು

ತೊಗರಿ ಕಟಾವು ಮುಗಿದು ಬಿಳಿಜೋಳದ ಸುಗ್ಗಿ ಹತ್ತಿರ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ದವಾಖಾನೆಗಳಲ್ಲಿ ಒಂದು ಮಾತು ದಿನಾ ಕೇಳುತ್ತದೆ. "ಸಾಹೇಬ್ರ, ಟೊಂಕ ಹಿಡದದ್ರಿ. ಬಗ್ಗಲಿಕ್ಕ ಬರವಲ್ದು, ಬಗ್ಗಿದರ ಏಳಲಿಕ್ಕ ಬರವಲ್ದು." ಕೆಲವರು ನಡ ನೋವು ಅಂತಾರೆ, ಕೆಲವರು ಮಣಕಾ ಸವದಾವ ಅಂತಾರೆ. ಸೊಲ್ಲಾಪುರಕ್ಕೋ ಕಲಬುರಗಿಗೋ ಹೋಗಿ ಫೋಟೊ ತೆಗೆಸಿಕೊಂಡು ಬಂದವರು "ಬೆನ್ನಾಗ ಗ್ಯಾಪ್ ಬಂದದ" ಅಂತಾರೆ. ಕೈಯಲ್ಲೊಂದು ಚೀಲ ಇರುತ್ತದೆ. ಅದರೊಳಗೆ ಎಕ್ಸ್-ರೇ, ಸ್ಕ್ಯಾನಿಂಗ್ ಹಾಳೆ, ಅರ್ಧ ಖಾಲಿಯಾದ ಗುಳಿಗೆ ಚೀಟಿ, ನಡಕ್ಕೆ ಕಟ್ಟುವ ಒಂದು ಬೆಲ್ಟು. ಎಲ್ಲ ಮಾಡಿಯಾಗಿದೆ, ನೋವು ಮಾತ್ರ ಇದ್ದಲ್ಲೇ ಇದೆ.

ಮೂರು ತಿಂಗಳು ದಾಟಿದರೂ ಬಿಡದ ಬೆನ್ನು ನೋವಿಗೆ ದೀರ್ಘಕಾಲದ ಬೆನ್ನು ನೋವು ಅನ್ನುತ್ತೇವೆ. ಇದು ನಮ್ಮ ಭಾಗದವರ ಹಣೆಬರಹ ಮಾತ್ರ ಅಲ್ಲ. 2020ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 62 ಕೋಟಿ ಜನರಿಗೆ ಸೊಂಟ ನೋವಿತ್ತು. ಮನುಷ್ಯನನ್ನು ಕೆಲಸದಿಂದ ದೂರ ಇಡುವ ಕಾಯಿಲೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಆದರೂ ಇದರ ಚಿಕಿತ್ಸೆಯಲ್ಲಿ ಆಗುವಷ್ಟು ದುಂದು, ಮೋಸ, ಹೆದರಿಕೆ ಬೇರೆ ಕಾಯಿಲೆಗಳಲ್ಲಿ ಅಪರೂಪ. "ಯಾವ ಗುಳಿಗೆ ಒಳ್ಳೇದು, ಯಾವ ಡಾಕ್ಟರು ಒಳ್ಳೆಯವರು" ಎಂದು ಕೇಳುವ ಮೊದಲು "ನನ್ನದು ಯಾವ ನೋವು" ಎಂದು ಕೇಳಬೇಕು. ಅದು ತಿಳಿದರೆ ದಾರಿ ಅರ್ಧ ಮುಗಿದಂತೆ. ಇವತ್ತು ಆ ವಿಷಯವನ್ನೇ ಮಾತಾಡೋಣ.

ನಮ್ಮ ಕಡೆಯ ಬೆನ್ನು ಯಾಕೆ ಇಷ್ಟು ಬೇಗ ಸೋಲುತ್ತದೆ ಎಂಬುದನ್ನು ಮೊದಲು ನೋಡೋಣ. ತೊಗರಿ ಕೊಯ್ಯುವವರು ಗಿಡದ ಬುಡಕ್ಕೆ ಕುಡುಗೋಲು ಹಾಕಬೇಕು. ಬೆಳಗಿನಿಂದ ಬಿಸಿಲೇರುವವರೆಗೆ ಬಗ್ಗಿಯೇ ಇರಬೇಕು. ಕುರ್ಪಿ ಹಿಡಿದು ಕಸ ತೆಗೆಯುವ ಹೆಣ್ಣುಮಕ್ಕಳು ಕುಕ್ಕರುಗಾಲಲ್ಲಿ ಕೂತು ಸಾಲು ಸಾಲು ಸರಿಯುತ್ತಾರೆ. ಜೇವರ್ಗಿ ಕಡೆ ಹತ್ತಿ ಬಿಡಿಸುವವರು ನಡಕ್ಕೆ ಅರಿವೆ ಕಟ್ಟಿಕೊಂಡು, ಅದು ತುಂಬಿ ಭಾರವಾದಂತೆ ಮುಂದಕ್ಕೆ ವಾಲುತ್ತಾರೆ. ಅಫಜಲಪುರ, ಆಳಂದದ ಕಬ್ಬಿನ ಗದ್ದೆಯಲ್ಲಿ ಕಡಿಯುವಾಗ ಬಗ್ಗಬೇಕು, ಆಮೇಲೆ ಹೊರೆಯನ್ನು ತಲೆ ಮೇಲಿಟ್ಟುಕೊಂಡು ಹಲಗೆ ಹತ್ತಿ ಲಾರಿಗೆ ಏರಿಸಬೇಕು. ಎಪಿಎಂಸಿಯ ಹಮಾಲಿ ಅಣ್ಣಂದಿರದು ಇನ್ನೊಂದು ಕಥೆ. ಒಬ್ಬ ಗಂಡಸು ಕೈಯಿಂದ ಹೊರುವ ಭಾರ 55 ಕಿಲೋ ಮೀರಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಆ ಮಾತು ನಮ್ಮ ಗೋದಾಮುಗಳ ಬಾಗಿಲವರೆಗೆ ಬಂದೇ ಇಲ್ಲ. ಮನೆಯಲ್ಲಿರುವವರೂ ಪಾರಾಗಿಲ್ಲ. ನಳದ ನೀರು ಬಂದ ಗಳಿಗೆಯಲ್ಲಿ ಹತ್ತಾರು ಕೊಡ ಎತ್ತುವ ತಾಯಂದಿರು, ಇಡೀ ದಿನ ಟಂಟಂ ಓಡಿಸುವ ಹುಡುಗರು, ತಲೆ ಬಗ್ಗಿಸಿ ಮೊಬೈಲ್ ನೋಡುವ ಮಕ್ಕಳು, ಎಲ್ಲರೂ ಇದೇ ಸಾಲಿನಲ್ಲಿದ್ದಾರೆ.

ಒಂದು ಕೊಡದ ಲೆಕ್ಕ ಹಾಕಿ ನೋಡೋಣ. ಹದಿನೈದು ಲೀಟರ್ ನೀರು ಅಂದರೆ ಹದಿನೈದು ಕಿಲೋ. ಕೈ ಮುಂದೆ ಚಾಚಿ, ಬೆನ್ನುಮೂಳೆಯಿಂದ ಎರಡು ಗೇಣಿಗೆ ತುಸು ಕಡಿಮೆ, ಅಂದರೆ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಅದನ್ನು ಎತ್ತುತ್ತೀರಿ ಅಂದುಕೊಳ್ಳಿ. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಬೆನ್ನಿನ ಸ್ನಾಯು ಮೂಳೆಯಿಂದ ಬರೀ 5 ಸೆಂಟಿಮೀಟರ್ ಹಿಂದಿದೆ. ದೂರ ಎಂಟು ಪಟ್ಟು ಅಂದಮೇಲೆ ಬಲವೂ ಎಂಟು ಪಟ್ಟು ಬೇಕು. ಹದಿನೈದು ಕಿಲೋ ಕೊಡಕ್ಕೆ ನಿಮ್ಮ ಬೆನ್ನು 120 ಕಿಲೋದ ಬಲ ಹಾಕುತ್ತದೆ. ನಿಮ್ಮದೇ ತಲೆ, ಎದೆ, ತೋಳಿನ ಭಾರ ಇದಕ್ಕೆ ಸೇರಿಲ್ಲ. ಅದೇ ಕೊಡವನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು, ಮೊಣಕಾಲು ಮಡಚಿ, ಹೊಟ್ಟೆಗೆ ಅವಚಿ ಎತ್ತಿದರೆ ದೂರ ಅರ್ಧವಾಗುತ್ತದೆ, ಬಲವೂ ಅರ್ಧವಾಗುತ್ತದೆ. ಎತ್ತಿದ ಮೇಲೆ ನಡ ತಿರುಚಬೇಡಿ. ಪಾದ ಎತ್ತಿಟ್ಟು ಇಡೀ ಮೈಯನ್ನೇ ತಿರುಗಿಸಿ. ಒಂದೇ ಪಕ್ಕದ ನಡದ ಮೇಲೆ ದೊಡ್ಡ ಕೊಡ ಹೊರುವ ಬದಲು ಎರಡು ಕೈಗೆ ಎರಡು ಸಣ್ಣ ಬಿಂದಿಗೆ ಹಿಡಿಯಿರಿ. ಹೊಲದಲ್ಲಿ ಸಾಲು ಬಿಟ್ಟು ಬಿತ್ತಿದ ಬೆಳೆಗೆ ಕುರ್ಪಿಯ ಬದಲು ನಿಂತುಕೊಂಡೇ ನೂಕುವ ಸೈಕಲ್ ಕುಂಟೆ ಬಳಸಬಹುದು.

ಇನ್ನು ಬೆನ್ನಿನ ರಚನೆ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಅಲುಗಾಡುವ ಮಣಕಗಳು 24. ಕೆಳಗೆ ತ್ರಿಕ, ಬಾಲಮೂಳೆ. ಮಣಕಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳು, ಒಟ್ಟು 23. ದೊಡ್ಡವರ ಡಿಸ್ಕಿನ ಒಳಗೆ ರಕ್ತನಾಳ ಹೋಗುವುದಿಲ್ಲ. ಮೈ ಅಲುಗಿದಾಗ ಒತ್ತಡ ಏರಿ ಇಳಿದು, ಸುತ್ತಲಿನ ದ್ರವ ಒಳಗೆ ಹೊರಗೆ ಆಡುತ್ತದೆ. ಅದೇ ಅದರ ಊಟ. ಬೆಳಿಗ್ಗೆ ಎದ್ದಾಗ ನೀವು ಇದ್ದ ಎತ್ತರ ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಕಡಿಮೆಯಾಗಿರುತ್ತದೆ. ರಾತ್ರಿ ಮಲಗಿದಾಗ ಡಿಸ್ಕು ಮತ್ತೆ ನೀರು ಹೀರಿಕೊಂಡು ಉಬ್ಬುತ್ತದೆ. ಸ್ವೀಡನ್ನಿನ ಆಲ್ಫ್ ನಾಕೆಮ್‌ಸನ್ ಎಂಬ ವೈದ್ಯರು 1960ರ ದಶಕದಲ್ಲಿ ಜೀವಂತ ಮನುಷ್ಯರ ಡಿಸ್ಕಿಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನ ಒತ್ತಡ 100 ಅಂದುಕೊಂಡರೆ ಅಂಗಾತ ಮಲಗಿದಾಗ 25, ಆಸರೆ ಇಲ್ಲದೆ ಕೂತಾಗ 140, ಮುಂದಕ್ಕೆ ಬಾಗಿ ಕೂತಾಗ 185 ಎಂದು ಅವರು ತೋರಿಸಿದರು. ಹಾಗೆಂದು ಬಾಗುವುದೇ ಪಾಪ ಅಂತಲ್ಲ. ಬೆನ್ನು ಬಾಗಲಿಕ್ಕೆಂದೇ ಇದೆ. ಬಾಗಿದಲ್ಲೇ ಗಂಟೆಗಟ್ಟಲೆ ಇರುವುದೇ ತೊಂದರೆ. ನೆಟ್ಟಗೆ ಕೂಡು ಎಂದು ಮಕ್ಕಳಿಗೆ ಗದರುವುದಕ್ಕಿಂತ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡು ಎನ್ನುವುದು ಉತ್ತಮ.

ಈಗ ನೋವಿನ ವಿಂಗಡಣೆಗೆ ಬರೋಣ. ನನ್ನ ಲೆಕ್ಕದಲ್ಲಿ ಬೆನ್ನು ನೋವುಗಳನ್ನು ಮೂರು ಗುಂಪು ಮಾಡಬಹುದು. ಒಂದು, ಒಳಗೆ ಬೇರೆ ಕಾಯಿಲೆ ಅಡಗಿರುವ ಅಪಾಯದ ನೋವು. ಎರಡು, ನರ ಒತ್ತಿದ ನೋವು. ಮೂರು, ಇವೆರಡೂ ಅಲ್ಲದ ಸಾದಾ ನೋವು. ಹತ್ತರಲ್ಲಿ ಒಂಬತ್ತರಷ್ಟು ಈ ಮೂರನೆಯದೇ. ಮೊದಲ ಗುಂಪು ಚಿಕ್ಕದು, ಆದರೆ ತಪ್ಪಿದರೆ ಕೈಕಾಲು ಹೋಗುತ್ತದೆ, ಜೀವವೂ ಹೋಗುತ್ತದೆ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಬೆನ್ನು ನೋವಿನ ಜೊತೆ ಸಂಜೆ ಹೊತ್ತಿಗೆ ಮೈ ಬಿಸಿಯಾಗುವುದು, ರಾತ್ರಿ ಬೆವರುವುದು, ತೂಕ ಇಳಿಯುವುದು, ಮಲಗಿದರೂ ನೋವು ಬಿಡದಿರುವುದು, ಬೆನ್ನ ನಡುವೆ ಒಂದು ಮಣಕ ಗೂನಿನಂತೆ ಹೊರಗೆ ಬರುವುದು ಕಂಡರೆ ಬೆನ್ನುಮೂಳೆಯ ಕ್ಷಯ ಇರಬಹುದು. ಟಿಬಿ ಅಂದರೆ ಪುಪ್ಪುಸದ ಕಾಯಿಲೆ, ಕೆಮ್ಮು ಇರಲೇಬೇಕು ಅಂತ ನಮ್ಮವರು ತಿಳಿದಿದ್ದಾರೆ. ಮೂಳೆಗೂ ಅದು ಬರುತ್ತದೆ, ಹೆಚ್ಚಾಗಿ ಬೆನ್ನಿಗೇ ಬರುತ್ತದೆ. ತಡ ಮಾಡಿದರೆ ಬೆನ್ನುಹುರಿ ಒತ್ತಿ ಎರಡೂ ಕಾಲು ಬೀಳುತ್ತವೆ. ಬೇಗ ಹಿಡಿದರೆ ಬಹುಪಾಲು ಮಂದಿ ಗುಳಿಗೆಯಿಂದಲೇ ಗುಣವಾಗುತ್ತಾರೆ. ಒಂದು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬಿಡದೆ ನುಂಗಬೇಕು. ಪರೀಕ್ಷೆ, ಔಷಧ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಜೊತೆಗೆ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಸಿಗುತ್ತದೆ. ಮೊದಲು 500 ಇದ್ದದ್ದು 2024ರ ನವೆಂಬರಿನಿಂದ ಹೆಚ್ಚಾಗಿದೆ.

ಕುರಿ, ಆಡು, ದನ ಸಾಕುವ ಮನೆಗಳಲ್ಲಿ ಇನ್ನೊಂದು ಕಾಯಿಲೆ ನೆನಪಿಡಬೇಕು, ಬ್ರುಸೆಲ್ಲೋಸಿಸ್. ಕಂದು ಹಾಕಿದ ಆಡು ಕುರಿಯ ಮಾಸವನ್ನು ಬರಿಗೈಯಲ್ಲಿ ತೆಗೆದವರಿಗೆ, ಕಾಯಿಸದ ಹಾಲು ಕುಡಿದವರಿಗೆ ಇದು ಅಂಟುತ್ತದೆ. ಬಂದು ಹೋಗುವ ಜ್ವರ, ಬೆವರು, ಕೀಲು ನೋವು, ಬಿಡದ ಬೆನ್ನು ನೋವು ಇದರ ಲಕ್ಷಣ. ಟಿಬಿಯಂತೆಯೇ ತೋರುತ್ತದೆ, ಔಷಧ ಮಾತ್ರ ಬೇರೆ. ಅದಕ್ಕೇ ಡಾಕ್ಟರ ಮುಂದೆ ಕೂತಾಗ "ನಮ್ಮ ಮನ್ಯಾಗ ಕುರಿ ಅವರಿ" ಅಂತ ನೀವಾಗಿಯೇ ಹೇಳಿ. ಹಾಲನ್ನು ಕಾಯಿಸಿಯೇ ಕುಡಿಯಿರಿ.

ಹರೆಯದ ಹುಡುಗರಲ್ಲಿ ಬೆಳಿಗ್ಗೆ ಏಳುವಾಗ ಬೆನ್ನು ಕಟ್ಟಿಗೆಯಂತೆ ಬಿಗಿದು, ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಡದೆ, ಓಡಾಡಿದ ಮೇಲೆ ಹಗುರಾದರೆ ಅದು ದುಡಿದ ನೋವಲ್ಲ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬಾವಿನ ಕಾಯಿಲೆ ಇರಬಹುದು. ಹಾಗೇ ಬಿಟ್ಟರೆ ವರ್ಷಗಳಲ್ಲಿ ಮಣಕಗಳು ಒಂದಕ್ಕೊಂದು ಅಂಟಿಕೊಂಡು ಮನುಷ್ಯ ಮುಂದಕ್ಕೆ ಬಾಗಿ ಹೋಗುತ್ತಾನೆ. ಇದಕ್ಕೆ ಈಗ ಒಳ್ಳೆಯ ಔಷಧಗಳಿವೆ, ವ್ಯಾಯಾಮ ಇದೆ. ಮೊದಲು ಪತ್ತೆಯಾಗಬೇಕು ಅಷ್ಟೆ.

ನಮ್ಮ ಕಲಬುರಗಿ ಜಿಲ್ಲೆಯ ಕೆಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಅದು ಕುಡಿಯುವ ನೀರಲ್ಲ. ವರ್ಷಗಟ್ಟಲೆ ಕುಡಿದವರಿಗೆ ಮೊದಲು ಹಲ್ಲು ಹಳದಿಯಾಗಿ, ಆಮೇಲೆ ಕುತ್ತಿಗೆ, ಬೆನ್ನು ಬಿಗಿಯುತ್ತದೆ. ಬಾಗಿ ಕಾಲು ಮುಟ್ಟಲಿಕ್ಕೆ ಆಗುವುದಿಲ್ಲ. ಭಾರತದಲ್ಲಿ ಈ ಮೂಳೆಯ ಫ್ಲೋರೋಸಿಸ್ ಮೊದಲು ದಾಖಲಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಒಂದೇ ಓಣಿಯಲ್ಲಿ ಹಲವರಿಗೆ ಬೆನ್ನು ಬಿಗಿದಿದ್ದರೆ ಗುಳಿಗೆ ಹುಡುಕುವ ಮೊದಲು ಪಂಚಾಯಿತಿಗೆ ಹೋಗಿ ನೀರು ಪರೀಕ್ಷೆ ಮಾಡಿಸಿ.

ಇನ್ನು ಗಳಿಗೆಯೂ ಕಾಯಬಾರದ ಲಕ್ಷಣ ಒಂದಿದೆ. ಬೆನ್ನು ನೋವಿನ ಜೊತೆ ಮೂತ್ರ ಕಟ್ಟಿದರೆ ಅಥವಾ ಗೊತ್ತಿಲ್ಲದೆ ಹೋದರೆ, ಮಲದ ಹಿಡಿತ ತಪ್ಪಿದರೆ, ಕೂತಾಗ ನೆಲಕ್ಕೆ ತಗಲುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಎರಡೂ ಕಾಲಿನ ಬಲ ಇಳಿದರೆ ಅದು ತುರ್ತು. ಬೆಳಗಾಗಲಿ, ಸಂತೆ ಮುಗಿಯಲಿ ಅನ್ನಬೇಡಿ. 108ಕ್ಕೆ ಫೋನು ಮಾಡಿ ಕಲಬುರಗಿ ಸೇರಿ. ಆಪರೇಷನ್ ತಡವಾದಷ್ಟೂ ಮೂತ್ರದ ಹಿಡಿತ ಮರಳಿ ಬರುವ ಆಸೆ ಕಡಿಮೆಯಾಗುತ್ತದೆ. ಮೇಲಿಂದ ಬಿದ್ದು ಪೆಟ್ಟಾದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ವಯಸ್ಸಾದ ತಾಯಂದಿರಲ್ಲಿ ಸಣ್ಣ ಭಾರ ಎತ್ತಿದಾಗ ಪಟ್ಟನೆ ಬಂದ ನೋವು, ಇವೂ ಕಾಯುವಂಥವಲ್ಲ.

ಎರಡನೆಯ ಗುಂಪು, ನರದ ನೋವು. ನಡದಿಂದ ಹೊರಟು ಕುಂಡಿ, ತೊಡೆ, ಮೀನಖಂಡ ದಾಟಿ ಪಾದದವರೆಗೆ ಮಿಂಚಿನಂತೆ ಇಳಿಯುವ ನೋವು. ಸಯಾಟಿಕಾ ಅನ್ನುತ್ತೇವೆ. ಡಿಸ್ಕು ಹೊರಚಾಚಿ ನರ ಒತ್ತಿದಾಗ ಹೀಗಾಗುತ್ತದೆ ಎಂದು ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಡಿಸ್ಕು ಜಾರಿತು ಅಂದ ಕೂಡಲೇ ಜನ ಆಪರೇಷನ್ ಅಂತ ಹೆದರುತ್ತಾರೆ. ಹೊರ ಬಂದ ಡಿಸ್ಕಿನ ತುಣುಕು ಬಹಳ ಮಂದಿಯಲ್ಲಿ ತಿಂಗಳುಗಳಲ್ಲಿ ತಾನೇ ಕುಗ್ಗುತ್ತದೆ. ನೆದರ್ಲೆಂಡ್ಸಿನಲ್ಲಿ 283 ತೀವ್ರ ಸಯಾಟಿಕಾ ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು. ಇನ್ನೊಂದು ಗುಂಪಿಗೆ ಕಾದು ನೋಡಿ, ಬೇಕಾದವರಿಗೆ ಮಾತ್ರ ಮಾಡಿದರು. ಬೇಗ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ಆದರೆ ವರ್ಷದ ಕೊನೆಗೆ ಎರಡೂ ಗುಂಪಿನಲ್ಲಿ 100ಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಕಾದು ನೋಡಿದವರಲ್ಲಿ 100ಕ್ಕೆ ಸುಮಾರು 60 ಮಂದಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗಲಿಲ್ಲ. ಹಾಗಾಗಿ ಪಾದದ ಬಲ ಇಳಿಯದೆ, ಮೂತ್ರದ ತೊಂದರೆ ಇಲ್ಲದೆ, ಬರೀ ನೋವಿದ್ದರೆ ಆರರಿಂದ ಹನ್ನೆರಡು ವಾರ ತಾಳಬಹುದು. ತಾಳಿದರೂ ನೋವು ಬದುಕಲು ಬಿಡದಿದ್ದರೆ, ಸ್ಕ್ಯಾನಿಂಗಿನಲ್ಲಿ ಕಂಡದ್ದು ಕಾಲಿನ ನೋವಿಗೆ ತಾಳೆಯಾದರೆ, ಆಪರೇಷನ್ ಒಳ್ಳೆಯ ದಾರಿಯೇ. "ಬೆನ್ನು ಕೊಯ್ಸಿಕೊಂಡರ ಕಾಲ ಹೋಗ್ತಾವ" ಎಂಬ ಹೆದರಿಕೆ ಬೇಡ. ಅನುಭವಿ ಕೈಯಲ್ಲಿ ಅದು ಸುರಕ್ಷಿತ. ಅರವತ್ತು ದಾಟಿದವರಲ್ಲಿ ನಾಲ್ಕು ಹೆಜ್ಜೆ ನಡೆದರೆ ಕಾಲು ಸೋತು, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಹಗುರಾಗುವ ನೋವು ಹುರಿಯ ನಾಳ ಕಿರಿದಾದದ್ದು. ಅದಕ್ಕೂ ಮೊದಲು ವ್ಯಾಯಾಮ, ತೀರಾ ಆಗದಿದ್ದರೆ ಶಸ್ತ್ರಚಿಕಿತ್ಸೆ.

ಮೂರನೆಯದು ಸಾದಾ ನೋವು, ಬಹುಪಾಲು ನಮ್ಮೆಲ್ಲರದು. ಇದರಲ್ಲಿ ಇಂಥದೇ ಮೂಳೆ, ಇಂಥದೇ ನರ ಎಂದು ಬೆರಳಿಟ್ಟು ತೋರಿಸಲಾಗದು. ಸ್ನಾಯು, ಕೀಲು, ಡಿಸ್ಕು, ನಿದ್ದೆ, ಚಿಂತೆ ಎಲ್ಲ ಸೇರಿರುತ್ತದೆ. ಇದಕ್ಕೆ ಸ್ಕ್ಯಾನಿಂಗ್ ಬೇಕಾಗಿಲ್ಲ. ನೋವೇ ಇಲ್ಲದ 3110 ಮಂದಿಯ ಸ್ಕ್ಯಾನಿಂಗ್ ವರದಿಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆ 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ 100ಕ್ಕೆ 37 ಮಂದಿಗೆ, ಎಂಬತ್ತರವರಲ್ಲಿ 96 ಮಂದಿಗೆ ಡಿಸ್ಕು ಸವೆದಿತ್ತು. ಯಾರಿಗೂ ನೋವಿರಲಿಲ್ಲ. ಅಂದಮೇಲೆ ವರದಿಯಲ್ಲಿ "ಡಿಸ್ಕ್ ಬಲ್ಜ್", "ಡೀಜನರೇಶನ್" ಎಂದು ಬರೆದದ್ದೇ ನಿಮ್ಮ ನೋವಿಗೆ ಕಾರಣ ಎಂದು ನಂಬಿ ಕೆಲಸ ಬಿಡಬೇಡಿ, ಹೊಲ ಮಾರಬೇಡಿ.

ಹಾಗಾದರೆ ಏನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆಂದೇ ಮೊದಲ ಬಾರಿಗೆ ಮಾರ್ಗಸೂಚಿ ಹೊರಡಿಸಿತು. ರೋಗಿಗೆ ತಿಳಿವಳಿಕೆ ಕೊಡಿ, ವ್ಯಾಯಾಮ ಮಾಡಿಸಿ, ತರಬೇತಿ ಪಡೆದವರ ಕೈಯಿಂದ ಅಂಗಮರ್ದನ ಆಗಬಹುದು, ಮನಸ್ಸಿನ ಚಿಕಿತ್ಸೆಯೂ ಸಹಾಯಕ, ಬೇಕಾದಾಗ ಉರಿಯೂತ ಇಳಿಸುವ ನೋವಿನ ಗುಳಿಗೆ ಕೊಡಿ ಎಂದಿತು. ಬೇಡ ಎಂದದ್ದೇನು ಕೇಳಿ. ನಡಕ್ಕೆ ಕಟ್ಟುವ ಬೆಲ್ಟು ಬೇಡ. ತೂಕ ಜೋತುಹಾಕಿ ಎಳೆಯುವ ಟ್ರ್ಯಾಕ್ಷನ್ ಬೇಡ. ಟ್ರಮಡಾಲ್‌ನಂಥ ಅಫೀಮು ಜಾತಿಯ ನೋವಿನ ಔಷಧ ಬೇಡ. ನಮ್ಮಲ್ಲಿ ಹೆಚ್ಚು ಖರ್ಚಾಗುತ್ತಿರುವುದು ಈ ಬೇಡದ ಪಟ್ಟಿಯ ಮೇಲೇ. ಬೆಲ್ಟು ಕಟ್ಟಿಕೊಂಡು ಎರಡು ದಿನ ಬಸ್ಸಿನಲ್ಲಿ ಓಡಾಡಿದರೆ ಅಡ್ಡಿಯಿಲ್ಲ. ತಿಂಗಳುಗಟ್ಟಲೆ ಕಟ್ಟಿದರೆ ಬೆನ್ನಿನ ಸ್ವಂತ ಸ್ನಾಯು ಕೆಲಸ ಮರೆಯಬಹುದು.

ಹಾಸಿಗೆ ಹಿಡಿಯುವುದೂ ಮದ್ದಲ್ಲ. ಹೊಸದಾಗಿ ಹಿಡಿದ ನೋವಿಗೆ ಎರಡು ದಿನ ಮಲಗಿದವರೂ ಏಳು ದಿನ ಮಲಗಿದವರೂ ಒಂದೇ ಸಮ ಗುಣವಾದರು, ಎರಡು ದಿನದವರು ಬೇಗ ಕೆಲಸಕ್ಕೆ ಹೋದರು ಎಂದು 1986ರಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಇತ್ತೀಚಿನದು 2024ರದು. ಆಸ್ಟ್ರೇಲಿಯದಲ್ಲಿ ಪದೇ ಪದೇ ಸೊಂಟ ಹಿಡಿಯುವ 701 ಮಂದಿಯಲ್ಲಿ ಅರ್ಧ ಜನಕ್ಕೆ ನಡಿಗೆ ಕಲಿಸಿದರು. ಮೆಲ್ಲಗೆ ಹೆಚ್ಚಿಸುತ್ತ ಹೋಗಿ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಗುರಿ. ನಡೆಯದವರಲ್ಲಿ ಸರಾಸರಿ 112 ದಿನಕ್ಕೆ ನೋವು ಮರಳಿದರೆ, ನಡೆದವರಲ್ಲಿ 208 ದಿನ ನೋವಿರಲಿಲ್ಲ. ಕಾಸು ಖರ್ಚಿಲ್ಲದ ಔಷಧ ಇದು.

"ದಿನಾ ಹೊಲದಾಗ ದುಡೀತೀವಿ, ಮತ್ತ ಯಾತಕ್ಕ ವ್ಯಾಯಾಮ?" ಎಂದು ಕೇಳಬಹುದು. ದುಡಿಮೆ ಒಂದೇ ಕಡೆಗೆ ಬಾಗಿಸುತ್ತದೆ, ವ್ಯಾಯಾಮ ಬಿಟ್ಟುಹೋದ ಕಡೆಗೆ ಬಲ ಕೊಡುತ್ತದೆ. ನೆಲದ ಮೇಲೆ ಒಂದು ಕೌದಿ ಹಾಸಿ. ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದ ನೆಲಕ್ಕೆ ಊರಿ. ಈಗ ನಡವನ್ನು ಮೆಲ್ಲಗೆ ಮೇಲಕ್ಕೆ ಎತ್ತಿ, ಭುಜದಿಂದ ಮೊಣಕಾಲಿನವರೆಗೆ ಒಂದೇ ಇಳಿಜಾರಾಗಲಿ. ಐದು ಎಣಿಸಿ ಇಳಿಸಿ. ಹತ್ತು ಸಲ. ಆಮೇಲೆ ಕೂಸು ಅಂಬೆಗಾಲಿಡುವ ಹಾಗೆ ಕೈ, ಮೊಣಕಾಲು ಊರಿ. ಉಸಿರು ಬಿಡುತ್ತ ಬೆನ್ನನ್ನು ಮೇಲಕ್ಕೆ ಉಬ್ಬಿಸಿ, ಉಸಿರು ಎಳೆಯುತ್ತ ಕೆಳಕ್ಕೆ ತಗ್ಗಿಸಿ. ಅದೇ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಐದು ಎಣಿಸಿ, ಆಮೇಲೆ ಎಡಗೈ, ಬಲಗಾಲು. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಆದರೆ ನೋವು ಕಾಲಿಗೆ ಇಳಿದರೆ ಆ ಒಂದನ್ನು ನಿಲ್ಲಿಸಿ, ಫಿಸಿಯೋಥೆರಪಿಸ್ಟರಿಗೆ ತೋರಿಸಿ. ಯೋಗ ಬಲ್ಲವರು ಯೋಗವನ್ನೇ ಮಾಡಿ, ಅದಕ್ಕೂ ಒಳ್ಳೆಯ ಆಧಾರ ಇದೆ. ಮೊದಲ ದಿನವೇ ಮೈ ಮುರಿಯುವಷ್ಟು ಮಾಡಬೇಡಿ. ತಿಂಗಳುಗಟ್ಟಲೆ ಗ್ವಾದಲಿಗೆ ಕಟ್ಟಿದ ಎತ್ತನ್ನು ನೇರ ರಂಟೆಗೆ ಹೂಡುವವರುಂಟೇ? ಮೊದಲು ನಡೆಸುತ್ತೇವೆ, ಆಮೇಲೆ ಬರಿ ಬಂಡಿಗೆ ಕಟ್ಟುತ್ತೇವೆ. ಬೆನ್ನಿಗೂ ಅದೇ ಕ್ರಮ.

ನೋವಿನ ಗುಳಿಗೆಯ ಬಗ್ಗೆ ಒಂದು ಎಚ್ಚರ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯವು ನಾಲ್ಕಾರು ದಿನ ಊಟದ ಮೇಲೆ ನುಂಗಿದರೆ ಉಪಕಾರಿ. ವರ್ಷಗಟ್ಟಲೆ ಮೆಡಿಕಲ್ ಅಂಗಡಿಯಿಂದ ತಂದು ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡದ ಸೋಲು. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. "ಒಂದು ಸೂಜಿ ಮಾಡ್ರಿ, ನಾಳಿ ಕೆಲಸಕ್ಕ ಹೋಗಬೇಕು" ಎಂದು ಕೇಳಿ ಹಾಕಿಸಿಕೊಳ್ಳುವ ಸೂಜಿಯಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನ ಹಬ್ಬ, ಆಮೇಲೆ ಮೂಳೆ ಟೊಳ್ಳು. ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಉಂಡೆ ಮುಟ್ಟಲೇಬೇಡಿ. ಬೆಚ್ಚಗಿನ ಎಣ್ಣೆ ತಿಕ್ಕುವುದು, ಕಾವು ಕೊಡುವುದು ಮಾಡಿ, ಹಗುರಾಗುತ್ತದೆ. ಚುಟಿಗೆ ಹಾಕಿಸಿಕೊಳ್ಳುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು ಬಿಡಿ. ಟಿಬಿಯಿಂದ ಮೆತ್ತಗಾದ ಮಣಕಕ್ಕೆ ಒಂದು ಒದೆ ಬಿದ್ದರೆ ಕಾಲು ಹೋಗಲು ಅಷ್ಟೇ ಸಾಕು.

ತಾಯಂದಿರಿಗೆ ಎರಡು ಮಾತು. "ಹೆರಿಗಿ ಆಪರೇಷನ್ನಿಗೆ ಬೆನ್ನಿಗೆ ಸೂಜಿ ಕೊಟ್ರು, ಅವತ್ತಿಂದ ಟೊಂಕ ಬ್ಯಾನಿ" ಎಂಬ ಮಾತು ಪ್ರತಿ ಮನೆಯಲ್ಲೂ ಇದೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ. ವರ್ಷಗಟ್ಟಲೆ ನೋವಿಗೆ ಆ ಸೂಜಿ ಕಾರಣ ಎಂದು ಅಧ್ಯಯನಗಳಲ್ಲಿ ಕಂಡಿಲ್ಲ. ಬಸಿರಿನಲ್ಲಿ ಸಡಿಲಾದ ಹೊಟ್ಟೆ, ಬೆನ್ನಿನ ಸ್ನಾಯುಗಳು ಮತ್ತೆ ಬಲ ಪಡೆಯುವ ಮೊದಲೇ ಕೊಡ ಎತ್ತಿದ್ದು, ಬಾಗಿ ಹಾಲೂಡಿಸಿದ್ದು, ನಿದ್ದೆಗೆಟ್ಟದ್ದು ಕಾರಣ. ಬಾಣಂತನದಲ್ಲೇ ಸಣ್ಣ ವ್ಯಾಯಾಮ ಶುರು ಮಾಡಿ.

ಎರಡನೆಯದು ಇನ್ನೂ ಗಂಭೀರ. 2015ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ನೂರಾರು ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆಯಲಾಗಿದೆ ಎಂಬ ದೂರು ಬಯಲಿಗೆ ಬಂತು. ಬಹಳಷ್ಟು ಮಂದಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ದುಡಿಯುವ ಹೆಣ್ಣುಮಕ್ಕಳು. ಅವರು ದವಾಖಾನೆಗೆ ಹೋದದ್ದು ಕಿಬ್ಬೊಟ್ಟೆ ನೋವು, ಬಿಳಿ ಮುಟ್ಟು, ಬೆನ್ನು ನೋವಿಗೆ. ಆರೋಗ್ಯ ಇಲಾಖೆ ತನಿಖೆ ಮಾಡಿಸಿ, ಕೆಲವು ಖಾಸಗಿ ಆಸ್ಪತ್ರೆಗಳ ಮೇಲೆ ಕ್ರಮಕ್ಕೆ ಮುಂದಾಯಿತು. ಇಂಥ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಸಾದಾ ಬೆನ್ನು ನೋವಿಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯೇ ಅಲ್ಲ. ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಎಳೆ ವಯಸ್ಸಿಗೇ ಮುಟ್ಟು ನಿಂತಂತಾಗಿ ಮೂಳೆ ಟೊಳ್ಳಾಗುತ್ತದೆ, ಬೆನ್ನು ನೋವು ಹೆಚ್ಚುತ್ತದೆ. "ಚೀಲ ತಗದ್ರ ನೋವು ಹೋಗ್ತದ" ಎಂದು ಯಾರಾದರೂ ಅಂದರೆ ಎದ್ದು ಬನ್ನಿ, ಇನ್ನೊಬ್ಬ ವೈದ್ಯರನ್ನು ಕೇಳಿ.

ಮಕ್ಕಳ ಬೆನ್ನನ್ನೂ ನೋಡಿ. ಹತ್ತರಿಂದ ಹದಿನೈದು ವರ್ಷದೊಳಗೆ, ಮೈ ಬೆಳೆಯುವ ಭರದಲ್ಲಿ, ಕೆಲವು ಮಕ್ಕಳ ಬೆನ್ನುಮೂಳೆ ಪಕ್ಕಕ್ಕೆ ಓರೆಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು ಬೆಳೆಯುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮಗುವಿನ ಪಾದ ಜೋಡಿಸಿ, ಎರಡೂ ಅಂಗೈ ಕೂಡಿಸಿ, ಮುಂದಕ್ಕೆ ಬಾಗಲು ಹೇಳಿ. ಹಿಂದೆ ನಿಂತು ನೋಡಿ. ಒಂದು ಪಕ್ಕದ ಪಕ್ಕೆಲುಬು ಗುಡ್ಡದಂತೆ ಎದ್ದು ಕಂಡರೆ ತೋರಿಸಿ. ಸಣ್ಣ ಓರೆಗೆ ನಿಗಾ ಸಾಕು. ಬೆಳೆಯುವ ಮಗುವಿನಲ್ಲಿ 25 ಡಿಗ್ರಿ ದಾಟಿದರೆ ಬ್ರೇಸ್ ಬೇಕು, 45-50 ದಾಟಿದರೆ ಶಸ್ತ್ರಚಿಕಿತ್ಸೆ. ದೊಡ್ಡವರಿಗೆ ಬೇಡ ಎಂದ ಬೆಲ್ಟಿಗೂ ಈ ಬ್ರೇಸಿಗೂ ಸಂಬಂಧವಿಲ್ಲ. ಇದನ್ನು ಸರಿಯಾಗಿ ತೊಟ್ಟರೆ ಓರೆ ಹೆಚ್ಚುವುದು ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಶಾಲೆ ಚೀಲದ ತೂಕ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದೆಂದು ಕೇಂದ್ರ ಸರ್ಕಾರದ ಶಾಲಾ ಚೀಲ ನೀತಿ ಹೇಳುತ್ತದೆ. ಒಮ್ಮೆ ತಕ್ಕಡಿಗೆ ಹಾಕಿ ನೋಡಿ.

ಎಲ್ಲಿಗೆ ಹೋಗಬೇಕು? ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ, ಆಮೇಲೆ ಆಳಂದ, ಅಫಜಲಪುರ, ಜೇವರ್ಗಿಯ ತಾಲೂಕು ಆಸ್ಪತ್ರೆ. ಅಲ್ಲಿಂದ ಬರೆದುಕೊಟ್ಟರೆ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ, ವಿಮೆ ಇರುವ ಕಾರ್ಮಿಕರಿಗೆ ಇಎಸ್‌ಐ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ. ಸಾಲ ಮಾಡಿ ನೇರ ಸೊಲ್ಲಾಪುರ, ಹೈದರಾಬಾದಿಗೆ ಓಡುವ ಮೊದಲು ಈ ಮೆಟ್ಟಿಲು ಹತ್ತಿ.

ಯಾರೇ ಬೆನ್ನಿಗೆ ಆಪರೇಷನ್ ಅಂದರೂ ಈ ಮೂರು ಪ್ರಶ್ನೆ ಕೇಳಿ. ನನ್ನದು ಅಪಾಯದ ನೋವೋ, ನರದ ನೋವೋ, ಸಾದಾ ನೋವೋ? ಈಗಲೇ ಮಾಡಿಸದಿದ್ದರೆ ಏನಾಗುತ್ತದೆ? ಇನ್ನೇನು ದಾರಿ ಇದೆ? ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ, ಕೂಡಿಸಿ ತಿಳಿಸಿ ಹೇಳುತ್ತಾರೆ. ಅಪಾಯದ ಲಕ್ಷಣ ಇದ್ದವರು ಇವತ್ತೇ ಹೊರಡಿ. ಉಳಿದವರು ನಾಳೆ ಬೆಳಿಗ್ಗೆ ಬೆಲ್ಟು ಬಿಚ್ಚಿಟ್ಟು, ಹತ್ತು ನಿಮಿಷ ನಡೆದು ಶುರು ಮಾಡಿ.